ಮೋಟಾರ್ ಸೈಕಲ್ಲಿಗೆ ಗಾಳಿತಡೆ: ಸವಾರರು ತಿಳಿದಿರಬೇಕಾದ ಸಂಗತಿಗಳು

ನಮ್ಮ ದೇಶದ ನಗರಗಳಲ್ಲಿ ದ್ವಿಚಕ್ರ ವಾಹನವು ಅಸಂಖ್ಯ ಕುಟುಂಬಗಳ ನಿತ್ಯದ ಸಂಗಾತಿಯಾಗಿದೆ. ಕಚೇರಿಗೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು, ಹಬ್ಬ ಹುಣ್ಣಿಮೆಗಳಲ್ಲಿ ಪುಣೆಯಿಂದ ಬೆಳಗಾವಿಗೋ ಹೈದರಾಬಾದಿನಿಂದ ಬೀದರಿಗೋ ಹೋಗಿ ಬರಲು ಅದೇ ವಾಹನ. ದೆಹಲಿಯ ಡಿಸೆಂಬರ್-ಜನವರಿಯ ಚಳಿ, ಮುಂಬಯಿಯ ಜಡಿಮಳೆ, ಬಯಲುದಾರಿಯ ಧೂಳು ಮತ್ತು ಹುಳುಹುಪ್ಪಟೆಗಳಿಂದ ಎದೆ, ಮುಖಗಳನ್ನು ಕಾಪಾಡಿಕೊಳ್ಳಲು ಅನೇಕ ಸವಾರರು ವಾಹನದ ಮುಂಭಾಗಕ್ಕೆ ಪಾರದರ್ಶಕವಾದ ಗಾಳಿತಡೆಯೊಂದನ್ನು ಕೂಡಿಸಿಕೊಳ್ಳುತ್ತಾರೆ. ವಾಡಿಕೆಯಲ್ಲಿ ಇದಕ್ಕೆ ‘ವಿಂಡ್‌ಶೀಲ್ಡ್’ ಎಂದೂ ಬರಿಯ ‘ಗ್ಲಾಸ್’ ಎಂದೂ ಹೆಸರು. ಹೆಸರು ಗ್ಲಾಸ್ ಎಂದಿದ್ದರೂ ವಸ್ತು ಗಾಜಲ್ಲ. ಸಾಮಾನ್ಯವಾಗಿ ಅದು ಆಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಹಾಳೆ.

ಬಿಡಿಭಾಗಗಳ ಅಂಗಡಿಯಲ್ಲಿ ಇದನ್ನು ಜೋಡಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎರಡು ಕ್ಲ್ಯಾಂಪು, ನಾಲ್ಕು ಬೋಲ್ಟು, ಅಷ್ಟೆ. ಕನ್ನಡಿಯನ್ನೋ ಹಾರ್ನನ್ನೋ ಹಾಕಿಸಿಕೊಂಡಂತೆ ಸವಾರನು ಇದನ್ನೂ ಹಾಕಿಸಿಕೊಂಡು ಹೊರಡುತ್ತಾನೆ. ಆದರೆ ಕನ್ನಡಿಗೂ ಗಾಳಿತಡೆಗೂ ದೊಡ್ಡ ಅಂತರವಿದೆ. ಗಾಳಿತಡೆಯು ವಾಹನದ ಮೇಲೆ ಗಾಳಿ ಹೂಡುವ ಬಲದ ಜಾಗವನ್ನೇ ಬದಲಿಸುತ್ತದೆ. ನಿನ್ನೆಯವರೆಗೆ ಕೈಗೆ ಒಗ್ಗಿದ್ದ ವಾಹನವು ಇಂದು, ಅದರಲ್ಲಿಯೂ ಹೆದ್ದಾರಿಯ ವೇಗದಲ್ಲಿ, ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತದೆ. ಇದನ್ನು ಅರಿಯದ ಸವಾರನಿಗೆ ಅದು ತಿಳಿಯುವುದು ಬಹುಪಾಲು ಸೇತುವೆಯ ಮೇಲೆ ಅಥವಾ ಲಾರಿಯ ಪಕ್ಕದಲ್ಲಿ. ಕಲಿಯುವುದಕ್ಕೆ ಅವೆರಡೂ ತಕ್ಕ ಸ್ಥಳಗಳಲ್ಲ.

ಗಾಳಿಯ ಬಲ ಎಷ್ಟು?

ಚಲಿಸುವ ವಾಹನಕ್ಕೆ ಎದುರಾಗುವ ಗಾಳಿಯ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಎರಡರಷ್ಟಾದರೆ ಬಲವು ನಾಲ್ಕರಷ್ಟಾಗುತ್ತದೆ. ಸುಮಾರು 45 ಸೆಂಟಿಮೀಟರ್ ಅಗಲ, 55 ಸೆಂಟಿಮೀಟರ್ ಎತ್ತರದ, ಹೆಚ್ಚುಕಡಿಮೆ ನೇರವಾಗಿ ನಿಂತ ಒಂದು ಚಪ್ಪಟೆ ಹಾಳೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದರ ಮೇಲೆ ಬೀಳುವ ಒತ್ತು ಸುಮಾರು 2 ಕಿಲೋಗ್ರಾಂ ತೂಕಕ್ಕೆ ಸಮ. 80 ಕಿ.ಮೀ. ವೇಗದಲ್ಲಿ ಅದು 8 ಕಿಲೋಗ್ರಾಂ ಆಗುತ್ತದೆ. 60 ಕಿ.ಮೀ. ವೇಗದಲ್ಲಿ ಸಾಗುವ ವಾಹನಕ್ಕೆ 30 ಕಿ.ಮೀ. ವೇಗದ ಗಾಳಿ ಎದುರಿನಿಂದ ಬೀಸಿದರೆ ಹಾಳೆಯ ಪಾಲಿಗೆ ಅದು 90 ಕಿ.ಮೀ.; ಆಗ ಒತ್ತು 10 ಕಿಲೋಗ್ರಾಮನ್ನು ಮುಟ್ಟುತ್ತದೆ. ಹಿಂದಕ್ಕೆ ವಾಲಿದ, ಬಾಗಿದ ಮೈಯ ಹಾಳೆಗೆ ಈ ಅಂಕಿಗಳು ಕಡಿಮೆಯಾಗುತ್ತವೆ. ನಗರದೊಳಗೆ ನಿಧಾನವಾಗಿ ಓಡಿಸಿ ನೋಡಿ ‘ಏನೂ ವ್ಯತ್ಯಾಸವಿಲ್ಲ’ ಎಂದುಕೊಳ್ಳುವುದು ಏಕೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಇದೆಲ್ಲವೂ ಹೊಸದಾಗಿ ಸೇರಿದ ಬಲವಲ್ಲ ಎಂಬುದನ್ನೂ ಹೇಳಬೇಕು. ಗಾಳಿತಡೆ ಇಲ್ಲದಿದ್ದಾಗ ಇದರ ಬಹುಭಾಗವನ್ನು ಸವಾರನ ಎದೆಯೇ ತಡೆಯುತ್ತಿತ್ತು. ದೀರ್ಘ ಪ್ರಯಾಣದಲ್ಲಿ ಹೆಗಲು, ಮಣಿಕಟ್ಟುಗಳು ಸೋಲಲು ಇದೂ ಒಂದು ಕಾರಣ. ಗಾಳಿಗೆ ಎದೆಯೊಡ್ಡಿ ಕುಳಿತವನು ತನಗರಿವಿಲ್ಲದೆಯೇ ಹ್ಯಾಂಡಲನ್ನು ಹಿಡಿದು ಜಗ್ಗುತ್ತಿರುತ್ತಾನೆ. ದೇಹದ ಪ್ರತಿ ಅಲುಗಾಟವೂ ಮುಂದಿನ ಚಕ್ರಕ್ಕೆ ತಲುಪುತ್ತದೆ. ಒಳ್ಳೆಯ ಗಾಳಿತಡೆ ಇದ್ದಾಗ ಕೈಗಳು ಸಡಿಲವಾಗಿ, ಹಿಡಿತ ಹಗುರವಾಗಿ, ದಣಿವು ಕಡಿಮೆಯಾಗುತ್ತದೆ. ಚಳಿಯಲ್ಲಿ ಬೆರಳು ಮರಗಟ್ಟದಿದ್ದರೆ ಬ್ರೇಕು, ಕ್ಲಚ್ಚುಗಳು ಮಾತು ಕೇಳುತ್ತವೆ. ಗಾಳಿತಡೆಯಿಂದ ವಾಹನದ ಹತೋಟಿ ಕೆಡುವುದೇ ಹೊರತು ಸುಧಾರಿಸುವುದಿಲ್ಲ ಎಂಬ ಮಾತು ಆದ್ದರಿಂದ ಪೂರ್ತಿ ನಿಜವಲ್ಲ.

ಆದರೆ ಎದೆ ಹೊರುತ್ತಿದ್ದ ಬಲವು ಈಗ ಎಲ್ಲಿಗೆ ಹೋಯಿತು ಎಂಬುದೇ ಮುಖ್ಯವಾದ ಪ್ರಶ್ನೆ. ದೇಹವು ಮೃದುವಾದುದು, ಗಾಳಿಯ ಹೊಡೆತಕ್ಕೆ ಕೊಂಚ ಬಾಗುತ್ತದೆ, ಬೇಕೆಂದಾಗ ಸವಾರನು ಮುಂದಕ್ಕೆ ತಗ್ಗಿ ಕುಳಿತುಕೊಳ್ಳಬಲ್ಲನು. ಹಾಳೆಯು ಬಾಗುವುದಿಲ್ಲ. ತನಗೆ ತಗುಲಿದ ಹೊಡೆತವನ್ನು ಅದು ತಾನು ಕಚ್ಚಿಕೊಂಡಿರುವ ಭಾಗಕ್ಕೆ ನೇರವಾಗಿ ದಾಟಿಸುತ್ತದೆ.

ಹ್ಯಾಂಡಲಿಗೋ, ಚೌಕಟ್ಟಿಗೋ?

ಪೇಟೆಯಲ್ಲಿ ಬಿಡಿಯಾಗಿ ದೊರೆಯುವ ಗಾಳಿತಡೆಗಳಲ್ಲಿ ಹೆಚ್ಚಿನವು ಹ್ಯಾಂಡಲಿಗೆ ಅಥವಾ ಮುಂದಿನ ಫೋರ್ಕಿಗೆ ಬಿಗಿಯುವಂಥವು. ಇವು ಹ್ಯಾಂಡಲಿನೊಡನೆಯೇ ತಿರುಗುತ್ತವೆ. ಇನ್ನೊಂದು ಬಗೆಯು ವಾಹನದ ಚೌಕಟ್ಟಿಗೆ, ಅಂದರೆ ಫ್ರೇಮಿಗೆ, ಬಿಗಿದಿರುತ್ತದೆ. ಹ್ಯಾಂಡಲ್ ತಿರುಗಿದರೂ ಅದು ತಿರುಗುವುದಿಲ್ಲ. ಅಮೆರಿಕದಲ್ಲಿ ಕ್ರೇಗ್ ವೆಟರ್ ಎಂಬವರು 1970ರ ದಶಕದಲ್ಲಿ ಮಾರುಕಟ್ಟೆಗೆ ತಂದ ‘ವಿಂಡ್‌ಜ್ಯಾಮರ್’ ಈ ಎರಡನೆಯ ಬಗೆಗೆ ಪ್ರಸಿದ್ಧ ಉದಾಹರಣೆ. ದೂರಪ್ರಯಾಣಕ್ಕೆಂದು ಕಾರ್ಖಾನೆಯಿಂದಲೇ ಗಾಳಿತಡೆಯೊಡನೆ ಬರುವ ಅನೇಕ ಮೋಟಾರ್ ಸೈಕಲ್ಲುಗಳಲ್ಲಿಯೂ ಅದು ಚೌಕಟ್ಟಿಗೇ ಸೇರಿರುತ್ತದೆ.

ಹ್ಯಾಂಡಲಿಗೆ ಬಿಗಿದ ಗಾಳಿತಡೆಯಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಗಾಳಿ ಓರೆಯಾಗಿ ಬೀಸಿದಾಗ ಹಾಳೆಯ ಎಡಬಲಗಳ ಮೇಲೆ ಒತ್ತು ಸಮವಾಗಿರುವುದಿಲ್ಲ. ಆ ವ್ಯತ್ಯಾಸವು ಹ್ಯಾಂಡಲನ್ನು ತಿರುಗಿಸಲು ಹವಣಿಸುತ್ತದೆ. ಸವಾರನಲ್ಲದೆ ಇನ್ನೊಬ್ಬರು ಹ್ಯಾಂಡಲಿಗೆ ಕೈಯಿಟ್ಟಂತೆ ಭಾಸವಾಗುತ್ತದೆ. ಎರಡನೆಯದು ತೂಕ. ಹಾಳೆ, ಕ್ಲ್ಯಾಂಪುಗಳ ತೂಕ ಒಂದೆರಡು ಕಿಲೋಗ್ರಾಮೇ ಇರಬಹುದು. ಆದರೆ ಅದು ಹ್ಯಾಂಡಲ್ ತಿರುಗುವ ಅಕ್ಷದಿಂದ ಮುಂದಕ್ಕೆ ಚಾಚಿಕೊಂಡಿದೆ. ಕೋಲಿನ ಬುಡಕ್ಕೆ ಕಟ್ಟಿದ ಕಲ್ಲಿಗಿಂತ ತುದಿಗೆ ಕಟ್ಟಿದ ಕಲ್ಲು ಕೋಲನ್ನು ತಿರುಗಿಸುವವನಿಗೆ ಎಷ್ಟೋ ಭಾರವಾಗಿ ಕಾಣುತ್ತದೆ. ಅಕ್ಷದಿಂದ ದೂರ ಹೆಚ್ಚಿದಂತೆ ಈ ಜಡತ್ವವೂ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ.

ಬ್ರಿಟನ್ನಿನ ರಾಬಿನ್ ಶಾರ್ಪ್ 1971ರಲ್ಲಿ ಮೋಟಾರ್ ಸೈಕಲ್ಲಿನ ಸ್ಥಿರತೆಯ ಬಗ್ಗೆ ಪ್ರಕಟಿಸಿದ ಗಣಿತಾತ್ಮಕ ಅಧ್ಯಯನವು ಈ ಕ್ಷೇತ್ರದಲ್ಲಿ ಇಂದಿಗೂ ಬುನಾದಿಯೆನಿಸಿದೆ. ವಾಹನವು ಸ್ಥಿರತೆ ಕಳೆದುಕೊಳ್ಳುವ ಮೂರು ರೀತಿಗಳನ್ನು ಅದು ಗುರುತಿಸಿತು. ನಿಧಾನವಾಗಿ ಒಂದು ಪಕ್ಕಕ್ಕೆ ಮಗುಚುವುದು ಮೊದಲನೆಯದು. ಇಡೀ ವಾಹನವೇ ಹಾವಿನಂತೆ ಎಡಕ್ಕೂ ಬಲಕ್ಕೂ ಹೊಯ್ದಾಡುವುದು ಎರಡನೆಯದು. ಹ್ಯಾಂಡಲು ಮತ್ತು ಮುಂದಿನ ಚಕ್ರ ಸೆಕೆಂಡಿಗೆ ಹಲವು ಬಾರಿ ಪಟಪಟನೆ ಅದುರುವುದು ಮೂರನೆಯದು. ಹ್ಯಾಂಡಲಿನ ಭಾಗಕ್ಕೆ ತೂಕವನ್ನೂ ಗಾಳಿಯ ಬಲವನ್ನೂ ಸೇರಿಸಿದಾಗ ಕೊನೆಯ ಎರಡು ಬಗೆಯ ಆಂದೋಲನಗಳು ತಲೆದೋರುವ ವೇಗ ಮತ್ತು ಅವುಗಳ ಲಯ ಬದಲಾಗಬಹುದು. ಹಿಂದೆ 90 ಕಿ.ಮೀ. ವೇಗದಲ್ಲಿಯೂ ನೆಟ್ಟಗೆ ಸಾಗುತ್ತಿದ್ದ ವಾಹನವು ಈಗ ಅದಕ್ಕಿಂತ ಕಡಿಮೆ ವೇಗದಲ್ಲೇ ತೊನೆಯತೊಡಗಿದರೆ ಅದು ಸವಾರನ ಭ್ರಮೆಯಲ್ಲ.

ಚೌಕಟ್ಟಿಗೆ ಬಿಗಿದ ಗಾಳಿತಡೆಯು ಹ್ಯಾಂಡಲನ್ನು ನೇರವಾಗಿ ತಿರುಗಿಸುವುದಿಲ್ಲ, ಅದರ ಜಡತ್ವವನ್ನೂ ಹೆಚ್ಚಿಸುವುದಿಲ್ಲ. ಆಯ್ಕೆಯಿದ್ದಲ್ಲಿ ಇದೇ ಲೇಸು. ಅಡ್ಡಗಾಳಿಯ ತೊಂದರೆ ಮಾತ್ರ ಇದಕ್ಕೂ ತಪ್ಪಿದ್ದಲ್ಲ.

ಗಾಳಿಯು ಎತ್ತರದಲ್ಲಿ ಹಿಂದಕ್ಕೆ ತಳ್ಳಿದಾಗ ಮುಂದಿನ ಚಕ್ರದ ಮೇಲಿನ ಭಾರ ಇಳಿದು ಹಿಂದಿನ ಚಕ್ರಕ್ಕೆ ಸೇರುತ್ತದೆ ಎಂಬುದನ್ನೂ ಗಮನಿಸಬೇಕು. ಸವಾರನ ದೇಹಕ್ಕಿಂತ ಅಗಲವೂ ಎತ್ತರವೂ ಆದ ಹಾಳೆಯಲ್ಲಿ ಇದು ಹೆಚ್ಚು. ಅದರ ಮೇಲೆ ಹಿಂಬದಿ ಸವಾರ, ಕ್ಯಾರಿಯರಿನ ಮೇಲೆ ಊರಿಗೆ ಒಯ್ಯುವ ಚೀಲ ಸೇರಿದರೆ ಮುಂದಿನ ಚಕ್ರ ಮತ್ತಷ್ಟು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ದಾರಿ ಹಿಡಿದು ನಡೆಯುವ ಶಕ್ತಿ ಕಡಿಮೆ.

ಅಡ್ಡಗಾಳಿ ಮತ್ತು ಲಾರಿಗಳು

ಬಾಣದ ಹಿಂತುದಿಗೆ ಗರಿ ಕಟ್ಟುವುದು ಅದು ನೇರವಾಗಿ ಸಾಗಲೆಂದು. ಗರಿಯನ್ನು ಮುಂದಕ್ಕೆ ಕಟ್ಟಿದರೆ ಬಾಣ ತಿರುಗಿಬೀಳುತ್ತದೆ. ವಾಹನದ ಮುಂಭಾಗಕ್ಕೆ ಅಗಲವಾದ ಹಾಳೆಯನ್ನು ಸೇರಿಸುವುದು ಗರಿಯನ್ನು ಮುಂದಕ್ಕೆ ಸರಿಸಿದಂತೆಯೇ. ಪಕ್ಕದ ಗಾಳಿಯು ವಾಹನದ ಮೂತಿಯನ್ನು ಮೊದಲಿಗಿಂತ ಸುಲಭವಾಗಿ ಅತ್ತ ತಳ್ಳುತ್ತದೆ.

72 ಕಿ.ಮೀ. ವೇಗದಲ್ಲಿ ಹೋಗುವ ವಾಹನಕ್ಕೆ 36 ಕಿ.ಮೀ. ವೇಗದ ಗಾಳಿ ನೇರ ಪಕ್ಕದಿಂದ ಬೀಸಿದರೆ, ಸವಾರನಿಗೆ ತಗುಲುವ ಗಾಳಿಯ ಒಟ್ಟು ವೇಗ ಸುಮಾರು 80 ಕಿ.ಮೀ.; ದಿಕ್ಕು ನೇರ ಮುಂದಿನಿಂದ ಸುಮಾರು 27 ಡಿಗ್ರಿ ಓರೆ. ಒಂದೇ ಸಮನೆ ಬೀಸುವ ಗಾಳಿಯಾದರೆ ಸವಾರನು ಅದರತ್ತ ಕೊಂಚ ವಾಲಿ ಸಾಗಬಹುದು. ಅಪಾಯವಿರುವುದು ಗಾಳಿ ತಟ್ಟನೆ ನಿಂತು ತಟ್ಟನೆ ಹೊಡೆಯುವಲ್ಲಿ. ಮಳೆಗಾಲದಲ್ಲಿ ಠಾಣೆ ಖಾಡಿಯ ಮೇಲಿನ ವಾಶಿ ಸೇತುವೆಯನ್ನು ದಾಟುವವರಿಗೆ ಇದು ಪರಿಚಿತ. 1988ರಲ್ಲಿ ಸಂಚಾರಕ್ಕೆ ತೆರೆದ, ಎರಡು ಕಿಲೋಮೀಟರಿಗೂ ಉದ್ದವಾದ ಪಾಂಬನ್ ರಸ್ತೆ ಸೇತುವೆಯಲ್ಲಿ, ಕನ್ಯಾಕುಮಾರಿಯ ಹಾದಿಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿರುವ ಮುಪ್ಪಂದಲ್ ಬಳಿಯಲ್ಲಿ ಇದೇ ಅನುಭವ. ಪುಣೆಯಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಕಾತ್ರಜ್ ಸುರಂಗದಿಂದ ಹೊರಬೀಳುವ ಸವಾರನು ಗಾಳಿಯಿಲ್ಲದ ಜಾಗದಿಂದ ಬಯಲಿಗೆ ಒಮ್ಮೆಗೇ ಬರುತ್ತಾನೆಂಬುದನ್ನು ನೆನಪಿಡಬೇಕು.

ಲಾರಿಯನ್ನು ಹಿಂದೆ ಹಾಕುವಾಗ ಆಗುವುದೂ ಇದೇ. ಲಾರಿಯ ಕಡೆಯಿಂದ ಗಾಳಿ ಬೀಸುತ್ತಿದ್ದರೆ, ಅದರ ಮರೆಯಲ್ಲಿರುವಷ್ಟು ಹೊತ್ತು ಸವಾರನಿಗೆ ಗಾಳಿಯೇ ಇಲ್ಲ. ಲಾರಿಯ ಮೂತಿಯನ್ನು ದಾಟಿದ ಕ್ಷಣದಲ್ಲಿ ತಡೆಯಿಲ್ಲದ ಗಾಳಿ, ಅದರ ಜೊತೆಗೆ ಲಾರಿಯು ಮುಂದೆ ತಳ್ಳುವ ಗಾಳಿ, ಎರಡೂ ಒಟ್ಟಿಗೆ ಹಾಳೆಗೆ ಬಡಿಯುತ್ತವೆ. ಎರಡು ವಾಹನಗಳ ನಡುವೆ ಎಂದಿಗಿಂತ ಹೆಚ್ಚು ಅಂತರ ಬಿಟ್ಟು, ಹ್ಯಾಂಡಲನ್ನು ಭದ್ರವಾಗಿ ಆದರೆ ತೋಳನ್ನು ಸೆಡೆಸದೆ ಹಿಡಿದು ಮುಂದೆ ಹೋಗುವುದು ಕ್ಷೇಮ. ಗಾಳಿ ಜೋರಾಗಿದ್ದಾಗ ಹಿಂದೆ ಹಾಕದಿರುವುದೇ ಮೇಲು.

ಹ್ಯಾಂಡಲ್ ಅದುರತೊಡಗಿದರೆ ಒಮ್ಮೆಗೇ ಬ್ರೇಕ್ ಒತ್ತಬಾರದು. ಬ್ರೇಕಿನಿಂದ ಭಾರವೆಲ್ಲ ಮುಂದಿನ ಚಕ್ರಕ್ಕೆ ನುಗ್ಗಿ ಅದುರಾಟ ಹೆಚ್ಚಬಹುದು. ಆಕ್ಸಿಲರೇಟರನ್ನು ನಿಧಾನವಾಗಿ ಬಿಡುತ್ತ ವೇಗ ತಾನಾಗಿ ಇಳಿಯಲು ಅವಕಾಶ ಕೊಡಬೇಕು. ಆಮೇಲೆ ವಾಹನವನ್ನು ನಿಲ್ಲಿಸಿ ಟೈರಿನ ಗಾಳಿ, ಹ್ಯಾಂಡಲಿನ ಕೋನ್‌ಸೆಟ್, ಕ್ಲ್ಯಾಂಪುಗಳ ಬಿಗಿ ಇವನ್ನು ಪರೀಕ್ಷಿಸಬೇಕು. ಸವೆದ ಕೋನ್‌ಸೆಟ್ಟು ಗಾಳಿತಡೆ ಇಲ್ಲದಾಗ ಮುಚ್ಚಿಟ್ಟುಕೊಂಡಿದ್ದ ದೋಷವನ್ನು ಗಾಳಿತಡೆ ಬಂದ ಮೇಲೆ ಹೊರಹಾಕುವುದುಂಟು.

ಅಳತೆ ಮತ್ತು ಜೋಡಣೆ

ಹಾಳೆ ಎತ್ತರವಾದಷ್ಟೂ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಸವಾರನು ನೆಟ್ಟಗೆ ಕುಳಿತಾಗ ಹಾಳೆಯ ಅಂಚಿನ ಮೇಲಿಂದ ರಸ್ತೆ ಕಾಣಬೇಕು. ಅಂಚು ಹೆಚ್ಚೆಂದರೆ ಮೂಗಿನ ಮಟ್ಟದಲ್ಲಿರಲಿ. ಇದಕ್ಕೆ ವೈಪರ್ ಇಲ್ಲ. ಮಳೆಹನಿ ತುಂಬಿದ ಹಾಳೆಯ ಮೂಲಕ ರಾತ್ರಿ ಎದುರಿನ ವಾಹನದ ದೀಪವನ್ನು ನೋಡಿದರೆ ರಸ್ತೆಯೇ ಮಾಯವಾಗುತ್ತದೆ. ಅಂಚನ್ನು ದಾಟಿದ ಗಾಳಿಯು ಸುಳಿಸುಳಿಯಾಗಿ ಹೆಲ್ಮೆಟ್ಟಿಗೆ ಬಡಿದು ತಲೆ ಅಲುಗುತ್ತಿದ್ದರೆ ಹಾಳೆಯ ಓರೆಯನ್ನೋ ಎತ್ತರವನ್ನೋ ಸ್ವಲ್ಪ ಬದಲಿಸಿ ನೋಡಬೇಕು. ಗಾಳಿತಡೆ ಇದೆಯೆಂದು ಹೆಲ್ಮೆಟ್ ಬಿಡುವಂತಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 129ನೆಯ ಪ್ರಕರಣದ ಹೊಣೆ ಹಾಗೆಯೇ ಉಳಿಯುತ್ತದೆ.

ಜೋಡಿಸಿದ ಮೇಲೆ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಯವರೆಗೆ ಪೂರ್ತಿಯಾಗಿ ತಿರುಗಿಸಿ, ಹಾಳೆಯಾಗಲಿ ಕ್ಲ್ಯಾಂಪಾಗಲಿ ಪೆಟ್ರೋಲ್ ಟ್ಯಾಂಕಿಗೆ ತಾಗುವುದಿಲ್ಲವೆಂದೂ ಬ್ರೇಕು, ಕ್ಲಚ್ಚುಗಳ ಕೇಬಲ್ ಎಳೆಯುವುದಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಮೊದಲ ಸವಾರಿಯನ್ನು ಗಾಳಿಯಿಲ್ಲದ ಮುಂಜಾನೆ, ತೆರವಾದ ರಸ್ತೆಯಲ್ಲಿ, ಒಬ್ಬನೇ ಮಾಡುವುದು ಉಚಿತ. ವೇಗವನ್ನು 10 ಕಿ.ಮೀ. ಪ್ರಮಾಣದಲ್ಲಿ ಏರಿಸುತ್ತ, ಪ್ರತಿ ಹಂತದಲ್ಲಿ ಹ್ಯಾಂಡಲಿನ ವರ್ತನೆಯನ್ನು ಗಮನಿಸಬೇಕು. ಮುಖಕ್ಕೆ ಗಾಳಿ ಬಡಿಯದಿರುವುದರಿಂದ ವೇಗದ ಅಂದಾಜು ತಪ್ಪುತ್ತದೆ. ಸ್ಪೀಡೋಮೀಟರನ್ನು ನೋಡಿಯೇ ತಿಳಿಯಬೇಕು. ನೂರಿನ್ನೂರು ಕಿಲೋಮೀಟರ್ ಓಡಿದ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.

ಹಾಳೆಯನ್ನು ಒಣಬಟ್ಟೆಯಿಂದ ತಿಕ್ಕಬಾರದು, ಪೆಟ್ರೋಲು ಸೋಕಿಸಬಾರದು. ಮೆದುವಾದ ಬಟ್ಟೆ, ಸಾಕಷ್ಟು ನೀರು, ಸ್ವಲ್ಪ ಸೋಪು ಸಾಕು. ಗೀರು ತುಂಬಿ ಮಸುಕಾದ ಹಾಳೆಯನ್ನು ಬದಲಿಸಬೇಕು. ಚಳಿಗಾಲಕ್ಕೆಂದು ಹಾಕಿಸಿಕೊಂಡದ್ದನ್ನು ಬಿರುಗಾಳಿಯ ತಿಂಗಳುಗಳಲ್ಲಿ ಕಳಚಿಡಲೂಬಹುದು. ಹಾಗೆ ಕಳಚಿದ ದಿನ ವಾಹನದ ನಡೆ ಮತ್ತೆ ಬದಲಾಗಿರುತ್ತದೆ.