ಬಾಸ್ ಇಲ್ಲದ ಕಾಲುವೆಯಲ್ಲಿ ನಡುಗುವ ಗಾಳ

ಹೂಫ್‌ಡಾರ್ಪ್: ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕದಲ್ಲಿರುವ ಈ ಊರು ಒಂದು ಕಾಲಕ್ಕೆ ಸರೋವರದ ತಳ. 1849ರಿಂದ 1852ರವರೆಗೆ ಉಗಿಯಂತ್ರದ ಪಂಪುಗಳನ್ನು ಹಚ್ಚಿ ಹಾರ್ಲೆಮರ್‌ಮೇರ್ ಸರೋವರವನ್ನು ಬರಿದು ಮಾಡಿ ಡಚ್ಚರು ಈ ನೆಲ ಪಡೆದರು. ಸುತ್ತಲೂ ಸುಮಾರು 60 ಕಿ.ಮೀ. ಉದ್ದದ ರಿಂಗ್‌ವಾರ್ಟ್ ಕಾಲುವೆ, ಊರ ನಡುವೆ ಹೂಫ್ಡ್‌ವಾರ್ಟ್. ಮನೆಯಿಂದ ಹತ್ತು ನಿಮಿಷ ಸೈಕಲ್ ತುಳಿದರೆ ನೀರು. ಹಾಗಾಗಿ ಇಲ್ಲಿರುವ ನಾವು ಮೂರು ಕನ್ನಡಿಗ ಕುಟುಂಬದವರು ಭಾನುವಾರ ಬೆಳಿಗ್ಗೆ ಗಾಳ ಹಿಡಿದು ಹೊರಡುವುದು ರೂಢಿಯಾಗಿದೆ.

ಈ ಸಲ ನಾವು ಪರೀಕ್ಷೆಗೆ ಇಳಿಸಿದ್ದು ಅಮೆರಿಕದ ಒಂದು ವಿಚಿತ್ರ ಸಾಮಾನು. ಹೆಸರು ಚಾಟರ್‌ಬೇಟ್. ಕೊಕ್ಕೆಯ ತಲೆಗೆ ಲೋಹದ ಗುಂಡು, ಹಿಂದೆ ರಬ್ಬರ್ ಎಳೆಗಳ ಲಂಗ, ಮುಂದೆ ಆರು ಮೂಲೆಯ ಒಂದು ತಗಡು. ದಾರ ಎಳೆದಾಗ ನೀರಿನ ಒತ್ತಡಕ್ಕೆ ತಗಡು ಅತ್ತಿತ್ತ ಬಡಿದುಕೊಂಡು ಇಡೀ ಗಾಳ ಗಡಗಡ ನಡುಗುತ್ತದೆ. ಆ ನಡುಕ ಕೋಲಿನ ಹಿಡಿವರೆಗೂ ಬರುತ್ತದೆ. ದಕ್ಷಿಣ ಕರೊಲೈನಾದ ರಾನ್ ಡೇವಿಸ್ ರೂಪಿಸಿದ ಇದು, 2006ರಲ್ಲಿ ಫ್ಲೋರಿಡಾದ ಓಕೀಚೋಬಿ ಸರೋವರದ ಬಾಸ್ ಮೀನಿನ ಸ್ಪರ್ಧೆಯನ್ನು ಬ್ರಯನ್ ಥ್ರಿಫ್ಟ್ ಗೆದ್ದ ಮೇಲೆ ಮನೆಮಾತಾಯಿತು.

ಆದರೆ ಅಮೆರಿಕದವರು ಹೇಳುವ ಆ ಬಾಸ್ ನಮ್ಮ ಕಾಲುವೆಗಳ ಮೀನಲ್ಲ. ಡಚ್ಚರ 'ಬಾರ್ಸ್' ಎಂಬ ಪದ ಇಂಗ್ಲಿಷಿನ ಬಾಸ್‌ಗೆ ಅಣ್ಣತಮ್ಮನಂಥದ್ದು; ಅದರ ಅರ್ಥ ಮಾತ್ರ ಮೈಮೇಲೆ ಪಟ್ಟೆ, ಕೆಂಪು ರೆಕ್ಕೆ ಇರುವ ಪರ್ಚ್ ಮೀನು. ಇಲ್ಲಿನ ದೊಡ್ಡ ಬೇಟೆಗಾರ ಸ್ನೂಕ್, ಅಂದರೆ ಪೈಕ್. ನಮ್ಮ ಕೆರೆಗಳ ಕೊರಮೀನಿನ ಹಾಗೆ ಗಿಡಗಳ ಮರೆಯಲ್ಲಿ ಹೊಂಚುಹಾಕಿ ಒಮ್ಮೆಲೇ ನುಗ್ಗುವ ಜಾತಿ. ಬೇರೆ ಮೀನಿಗೆಂದು ಮಾಡಿದ ಗಾಳ ಇದಕ್ಕೆ ಒಗ್ಗೀತೇ ಎಂಬುದೇ ನಮ್ಮ ಪ್ರಶ್ನೆಯಾಗಿತ್ತು.

ಲೆಕ್ಕ ಬರೆಯುವುದು ನಮ್ಮ ಹೊಟ್ಟೆಪಾಡು. ಇಲ್ಲೂ ಪುಸ್ತಕ ತೆರೆದೆವು. ಅಕ್ಟೋಬರ್‌ನ ಮೂರು ಭಾನುವಾರ, ದಿನಕ್ಕೆ ಎರಡು ಗಂಟೆ. ಒಬ್ಬರಿಗೆ 10 ಗ್ರಾಂನ ನಡುಗುವ ಗಾಳ, ಇನ್ನೊಬ್ಬರಿಗೆ ಹಳೆಯ ತಿರುಗುವ ತಗಡಿನ ಗಾಳ, ಅರ್ಧ ಗಂಟೆಗೊಮ್ಮೆ ಅದಲುಬದಲು. ಮಳೆ ಬಂದು ನೀರು ಚಹದ ಬಣ್ಣಕ್ಕೆ ತಿರುಗಿದ ಎರಡು ದಿನ ನಡುಗುವ ಗಾಳಕ್ಕೆ ಎರಡು ಸ್ನೂಕ್, ಒಂದು ಬಾರ್ಸ್. ಹಳೆಯದಕ್ಕೆ ಏನೂ ಇಲ್ಲ. ನೀರು ತಿಳಿಯಾಗಿದ್ದ ಮೂರನೆಯ ಭಾನುವಾರ ಹಳೆಯದಕ್ಕೆ ಎರಡು ಬಾರ್ಸ್, ಹೊಸದಕ್ಕೆ ಸೊನ್ನೆ. ಇಷ್ಟು ಸಣ್ಣ ಜಮಾಖರ್ಚಿನಿಂದ ತೀರ್ಪು ಕೊಡಲಾಗದು. ಆದರೂ ಕಾರಣ ಊಹಿಸಬಹುದು. ಮೀನಿನ ಮೈಯ ಎರಡೂ ಬದಿಯಲ್ಲಿ ನೀರಿನ ಅಲುಗಾಟವನ್ನು ಗ್ರಹಿಸುವ ಒಂದು ಗೆರೆಯಿದೆ. ಕಣ್ಣು ಸೋಲುವ ಬಗ್ಗಡದಲ್ಲಿ ಆ ಗೆರೆಯೇ ಅದಕ್ಕೆ ದಾರಿ ತೋರಿಸುತ್ತದೆ.

ಒಂದು ಬದಲಾವಣೆ ಮಾತ್ರ ಕಡ್ಡಾಯ. ಸ್ನೂಕ್‌ನ ಹಲ್ಲು ಬ್ಲೇಡಿನ ಹಾಗೆ. ಬರೀ ನೈಲಾನ್ ದಾರ ಕತ್ತರಿಸಿಹೋದರೆ ಬಾಯಲ್ಲಿ ಕೊಕ್ಕೆ ಉಳಿದು ಮೀನು ಸಾಯಬಹುದು. ಆದ್ದರಿಂದ ಗಾಳದ ಮುಂದೆ ಒಂದಡಿ ಉಕ್ಕಿನ ತಂತಿ ಕಟ್ಟುತ್ತೇವೆ. ಜೊತೆಗೆ ಉದ್ದ ಇಕ್ಕಳ, ಬಲೆ.

ಹಿಡಿದದ್ದನ್ನೆಲ್ಲ ನೀರಿಗೇ ಬಿಟ್ಟೆವು. ತುಂಗೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿ ಬೆಳೆದ ನಮ್ಮಲ್ಲೊಬ್ಬರ ತಂದೆ ತೀರ್ಥಹಳ್ಳಿಯಿಂದ ವಿಡಿಯೊ ಕರೆಯಲ್ಲಿ ಇದನ್ನು ನೋಡಿ, "ವಾಪಸ್ ಬಿಡೋದಾದ್ರೆ ಹಿಡಿಯೋದ್ಯಾಕೆ ಮಾರಾಯ?" ಎಂದರು. ಸ್ನೂಕ್ ಅನ್ನು ಬಿಡಲೇಬೇಕೆಂಬುದು ಇಲ್ಲಿನ ಅನೇಕ ಸಂಘಗಳ ನಿಯಮ ಎಂದು ತಿಳಿಸಿದೆವು. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಮುಂದಿನ ಭಾನುವಾರ ಅವರೇ ಕರೆ ಮಾಡಿ, "ಇವತ್ತು ನೀರು ಹೇಗಿದೆ?" ಎಂದು ಕೇಳಿದರು. ಆರೋಗ್ಯ, ಮಳೆ, ಅಡಿಕೆ ರೇಟು ಮುಗಿದ ಮೇಲೆ ಮಾತು ನಿಲ್ಲುತ್ತಿದ್ದ ತಂದೆ-ಮಗನಿಗೆ ಈಗ ಅರ್ಧ ಗಂಟೆಯ ವಿಷಯವಿದೆ.

ಊರಲ್ಲಿರುವವರು ತಿಳಿದಿರಬೇಕಾದ ಕೆಲವು ಮಾತು. ಇಲ್ಲಿ ಗಾಳ ಹಾಕಲು ಸ್ಥಳೀಯ ಸಂಘ ಸೇರಿ 'ವಿಸ್‌ಪಾಸ್' ಪಡೆಯಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ ದಂಡ. ಒಳನಾಡಿನ ನೀರಿನಲ್ಲಿ ಏಪ್ರಿಲ್ 1ರಿಂದ ಮೇ ಕೊನೆಯ ಶನಿವಾರದವರೆಗೆ ಇಂಥ ಕೃತಕ ಗಾಳಗಳಿಗೆ ನಿಷೇಧವಿದೆ. ಸ್ನೂಕ್‌ಗೆ ಮಾರ್ಚ್ 1ರಿಂದಲೇ ರಜೆ. ಊರಿನ ತಂದೆತಾಯಿ ಬೇಸಿಗೆಯೆಂದು ಬರುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ. ಆಗ ಬ್ರೆಡ್ಡಿನ ಉಂಡೆ, ಮೆಕ್ಕೆಜೋಳ ಹಾಕಿ ಬ್ರಾಸೆಮ್‌ನಂಥ ಸಾಧು ಮೀನು ಹಿಡಿಯಬಹುದು. ಬೇಟೆ ಮೀನೇ ಬೇಕೆಂದರೆ ಜೂನ್‌ಗೆ ಟಿಕೆಟ್ ಮಾಡಿಸಿ.

ಕುಟುಂಬ ಇನ್ನೂ ಬಾರದೆ ಒಬ್ಬರೇ ಇರುವ ಹೊಸಬರನ್ನು ನಾವು ಕರೆದುಕೊಂಡು ಹೋಗುತ್ತೇವೆ. ನವೆಂಬರ್ ಬಂದರೆ ನಾಲ್ಕೂವರೆ-ಐದಕ್ಕೆಲ್ಲ ಕತ್ತಲು. ಕೋಣೆಯಲ್ಲೇ ಕಳೆದ ಭಾನುವಾರ ಬಲು ಉದ್ದ. ನಮ್ಮದು ಒಂದೇ ಕಟ್ಟುನಿಟ್ಟು: ಒಬ್ಬರೇ ಹೋಗುವಂತಿಲ್ಲ. ದಡ ಜಾರುತ್ತದೆ, ನೀರು ಕೊರೆಯುತ್ತದೆ. ತೀರ್ಥಹಳ್ಳಿಯ ಹಿರಿಯರು ಮುಂದಿನ ಜೂನ್‌ಗೆ ವೀಸಾ ಅರ್ಜಿ ಹಾಕಲು ಒಪ್ಪಿದ್ದಾರೆ. ಎರೆಹುಳುವಿಗೂ ತಗಡಿಗೂ ಪಂದ್ಯ ನಡೆಯಲಿದೆ.