ಮಾಮಾನ ಗಿಟಾರು, ಎಕ್ಸ್‌ರೇ ಶೀಟು ಮತ್ತು ಅಂಗೈಯಗಲದ ಗಾಯ

ಈ ವಾರದ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಮೊಟಕುಗೊಳಿಸಲಾಗಿದೆ.

ಇವತ್ತು ಗಿಟಾರ್ ವಿಷಯ. ನುಡಿಸೋದು ಹೇಗೆ ಅಂತಲ್ಲ, ಅದಕ್ಕೆ ಸಾವಿರ ವಿಡಿಯೊ ಇವೆ. ನುಡಿಸುವಾಗ ಅದರ ಮೈಮೇಲೆ ಗೀರು ಬೀಳದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ. ಶುರು ಮಾಡೋಕೆ ಮುಂಚೆ ನಾನು ಮಾಡಿದ ಒಂದು ಘನಂದಾರಿ ಕೆಲಸ ಹೇಳಿಬಿಡ್ತೀನಿ.

ಹುಬ್ಬಳ್ಳಿಯ ನಮ್ಮ ಮಾಮಾ, ಅಂದ್ರೆ ಅಮ್ಮನ ತಮ್ಮ, ತೊಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಗಣೇಶನ ಹಬ್ಬ ಬಂತು ಅಂದ್ರೆ ಊರೂರು ತಿರುಗಾಟ, ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬೆರಳಿನ ಗೆಣ್ಣು ನೋವು ಜಾಸ್ತಿಯಾಗಿ, ಆ ಗಿಟಾರನ್ನ ನನ್ನ ಕೈಗೆ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದ್ದರು: “ಬಾರ್ಸಾಕ ಕೊಟ್ಟೇನಲೇ, ಇಟ್ಕೊಳ್ಳಾಕಲ್ಲ.”

ಅದರ ಮುಂಭಾಗದಲ್ಲಿ, ಸೌಂಡ್ ಹೋಲ್‌ನ ಕೆಳಗೆ, ಮಾಮಾ ಒಂದು ಹಳೇ ಎಕ್ಸ್‌ರೇ ಫಿಲ್ಮನ್ನ ಕತ್ತರಿಸಿ ಡಬಲ್ ಸೈಡ್ ಟೇಪಲ್ಲಿ ಅಂಟಿಸಿದ್ದರು. ಪಿಕ್ ತಾಗಿ ಗೀರು ಬೀಳಬಾರದು ಅಂತ. ಹತ್ತಿರದಿಂದ ನೋಡಿದರೆ ಯಾರದೋ ಪಕ್ಕೆಲುಬಿನ ಗೆರೆ ಕಾಣುತ್ತಿತ್ತು. ನನಗೆ ಅದು ಚೆನ್ನಾಗಿ ಕಾಣಲಿಲ್ಲ. ರೀಲ್ಸ್ ಮಾಡೋಕೆ ಕೂತಾಗ ಕ್ಯಾಮೆರಾದಲ್ಲಿ ಅದೇ ಎದ್ದು ಕಾಣೋದು. ಒಂದು ಭಾನುವಾರ ಆನ್‌ಲೈನಲ್ಲಿ ಚಂದದ ಪಿಕ್‌ಗಾರ್ಡ್ ತರಿಸಿಕೊಂಡು, ಹಳೇ ಶೀಟಿನ ಒಂದು ತುದಿ ಹಿಡಿದು ಎಳೆದೆ. ಚರ್ ಅಂತ ಸದ್ದಾಯ್ತು. ಶೀಟಿನ ಜೊತೆ ಪಾಲಿಶ್‌ನ ಪದರವೂ ಎದ್ದು ಬಂತು. ಅಂಗೈಯಗಲ ಬರೀ ಮರ, ಬೆಳ್ಳಗೆ, ಸಿಪ್ಪೆ ಸುಲಿದ ಹಾಗೆ.

ಮೂವತ್ತು ವರ್ಷ ಆ ಜಾಗವನ್ನ ಕಾಪಾಡಿದ್ದು ಆ ಶೀಟೇ. ಅದನ್ನ ಹಾಳು ಮಾಡಿದ್ದೂ ಅದೇ ಶೀಟು, ನನ್ನ ಕೈ ಸೇರಿಕೊಂಡು. ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದಾಗ ಅವರು ನನ್ನ ಮುಖ ನೋಡಿ ಮೊದಲು ಕೇಳಿದ್ದು, “ಇದರ ಫಿನಿಶ್ ಯಾವುದು ಅಂತ ಗೊತ್ತಿತ್ತಾ ನಿಮಗೆ?” ನನಗೆ ಗೊತ್ತಿರಲಿಲ್ಲ. ನಿಮಗೆ ನಿಮ್ಮದರದ್ದು ಗೊತ್ತಾ?

ಫಿನಿಶ್ ಅಂದ್ರೆ ಮರದ ಮೇಲೆ ಬಳಿದಿರೋ ಪಾರದರ್ಶಕ ಪದರ. ಈಗ ನಾವು ಅಂಗಡಿಯಲ್ಲಿ ಕೊಳ್ಳೋ ಬಹುತೇಕ ಗಿಟಾರುಗಳಿಗೆ ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್ ಇರುತ್ತೆ. ಒಂಥರಾ ಗಟ್ಟಿ ಪ್ಲಾಸ್ಟಿಕ್ ಚರ್ಮ. ಗೀರು ಸುಲಭಕ್ಕೆ ಬೀಳಲ್ಲ, ಬಿದ್ದ ಏಟಿಗೆ ಚಕ್ಕೆ ಏಳಬಹುದು. ಹಳೇ ಗಿಟಾರುಗಳಿಗೆ ಮತ್ತು ಕೆಲವು ದುಬಾರಿ ಗಿಟಾರುಗಳಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುತ್ತೆ. ಅದು ತೆಳು, ಹೆಚ್ಚೂಕಡಿಮೆ ಒಂದು ಹಾಳೆಯಷ್ಟು ದಪ್ಪ, ಮೆತ್ತಗೆ. ಮೂರನೆಯದು ಶೆಲ್ಯಾಕ್, ಅಂದ್ರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಬೆರೆಸಿ ಹಚ್ಚುತ್ತಾರಲ್ಲ, ಅದೇ ಕೀಟದ ಅರಗು. ಅದನ್ನ ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆ ಉಂಡೆಯಲ್ಲಿ ಹತ್ತಾರು ಸಲ ಉಜ್ಜಿ ಕೂರಿಸುತ್ತಾರೆ. ಕೈಯಲ್ಲಿ ಮಾಡಿದ ಕ್ಲಾಸಿಕಲ್ ಗಿಟಾರುಗಳಲ್ಲಿ ಕಾಣಬಹುದು. ಮೂರರಲ್ಲಿ ಅತ್ಯಂತ ನಾಜೂಕು ಅದೇ, ಬೆವರಿಗೂ ಮೆತ್ತಗಾಗುತ್ತೆ.

ಇದನ್ನ ಮೊದಲು ಯಾಕೆ ಹೇಳ್ತಿದ್ದೀನಿ ಅಂದ್ರೆ, ಒಂದಕ್ಕೆ ರಕ್ಷಣೆ ಅನ್ನಿಸೋದು ಇನ್ನೊಂದಕ್ಕೆ ವಿಷ. ಸ್ಟ್ಯಾಂಡಿನ ರಬ್ಬರನ್ನೇ ತೊಗೊಳ್ಳಿ. ಗೀರು ಬೀಳದಿರಲಿ ಅಂತಲೇ ಅದನ್ನ ಹಾಕಿರೋದು. ಪಾಲಿಯುರೆಥೇನ್ ಗಿಟಾರನ್ನ ಅದರ ಮೇಲೆ ತಿಂಗಳುಗಟ್ಟಲೆ ಇಟ್ಟರೂ ಸಾಮಾನ್ಯವಾಗಿ ಏನೂ ಆಗಲ್ಲ. ನೈಟ್ರೋ ಗಿಟಾರ್ ಇಟ್ಟರೆ, ರಬ್ಬರ್ ಮತ್ತು ವಿನೈಲ್‌ನೊಳಗಿನ ರಾಸಾಯನಿಕಗಳು ಲ್ಯಾಕರಿಗೆ ಇಳಿದು ಅದನ್ನ ಅಂಟಂಟು ಮಾಡುತ್ತವೆ, ಕಪ್ಪು ಗುರುತು ಕೂರುತ್ತೆ. ವಿನೈಲ್ ಸ್ಟ್ರಾಪನ್ನ ಗಿಟಾರಿಗೆ ಸುತ್ತಿಟ್ಟರೂ ಅದೇ ಕಥೆ. ಪರಿಹಾರ ಪುಕ್ಕಟೆ: ಹಳೇ ಕಾಟನ್ ಬನಿಯನ್ ಹರಿದು ಸ್ಟ್ಯಾಂಡಿಗೆ ಸುತ್ತಿ. ಯಾವ ಫಿನಿಶ್ ಅಂತ ತಿಳಿಯೋಕೆ ಕಂಪನಿಯ ವೆಬ್‌ಸೈಟಲ್ಲಿ ಮಾಡೆಲ್ ನಂಬರ್ ಹುಡುಕಿದರೆ ಸಾಕು. ಹಳೇದಾದರೆ ತಿಳಿದವರಿಗೆ ತೋರಿಸಿ. ಥಿನ್ನರ್ ಹಚ್ಚಿ ಪರೀಕ್ಷೆ ಮಾಡೋ ಸಾಹಸ ಬೇಡ.

ಈಗ ಗೀರು ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಬರೋಣ. ನಾವೆಲ್ಲ ಪಿಕ್ ಮೇಲೆ ಗೂಬೆ ಕೂರಿಸ್ತೀವಿ. ಆದರೆ ನಿಮ್ಮ ಗಿಟಾರನ್ನ ಈಗಲೇ ತಿರುಗಿಸಿ ಹಿಂಭಾಗ ನೋಡಿ. ಫೋನಿನ ಟಾರ್ಚನ್ನ ಓರೆಯಾಗಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತೆ. ಅಲ್ಲಿರೋ ಗೀರುಗಳಿಗೂ ಪಿಕ್‌ಗೂ ಸಂಬಂಧವೇ ಇಲ್ಲ. ಬೆಲ್ಟಿನ ಬಕಲ್, ಪ್ಯಾಂಟಿನ ಲೋಹದ ಗುಂಡಿ, ಜಾಕೆಟ್ ಜಿಪ್, ಆಫೀಸಿನಿಂದ ಬಂದವರ ಕೊರಳಲ್ಲಿ ಇನ್ನೂ ನೇತಾಡ್ತಿರೋ ಐಡಿ ಕಾರ್ಡ್. ನಿಂತು ನುಡಿಸುವಾಗ ತಾಳಕ್ಕೆ ಮೈ ಅಲ್ಲಾಡುತ್ತೆ, ಪ್ರತಿ ಅಲ್ಲಾಟಕ್ಕೂ ಬಕಲ್ ಒಂದು ಗೆರೆ ಎಳೆಯುತ್ತೆ. ಬಕಲನ್ನ ಸೊಂಟದ ಪಕ್ಕಕ್ಕೆ ತಿರುಗಿಸಿಕೊಳ್ಳಿ, ಇಲ್ಲಾ ಅಂಗಿಯನ್ನ ಹೊರಗೆ ಬಿಡಿ. ಬಲಗೈಯ ಕಡಗ, ವಾಚು, ಬಳೆ ಮುಂಭಾಗದ ಅಂಚನ್ನ ತಿನ್ನುತ್ತವೆ. ಅದೇ ಅಂಚಿನ ಮೇಲೆ ಮೊಣಕೈ ಊರಿ ನುಡಿಸುವಾಗ ಬೆವರು ಬೇರೆ. ಕ್ಲಾಸಿಕಲ್ ಗಿಟಾರ್ ನುಡಿಸೋ ಎಷ್ಟೋ ಜನ ಅಲ್ಲಿಗೆ ಬಟ್ಟೆಯ ತೋಳು ಹಾಕ್ಕೋತಾರೆ. ನಾನು ಹಳೇ ಕಾಲುಚೀಲದ ತುದಿ ಕತ್ತರಿಸಿ ಮೊಣಕೈಗೆ ಏರಿಸಿಕೊಳ್ತೀನಿ. ನೋಡೋಕೆ ವಿಚಿತ್ರ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತೆ. ಕರ್ನಾಟಕ ಸಂಗೀತದ ಪಿಟೀಲಿನವರನ್ನ ಗಮನಿಸಿದ್ದೀರಾ? ನೆಲಕ್ಕೆ ಕೂತು ಪಿಟೀಲಿನ ತಲೆಯನ್ನ ಪಾದದ ಮೇಲೆ ಊರ್ತಾರೆ. ಅಲ್ಲೂ ವಾರ್ನಿಶ್ ಸವೆಯೋದು ಮೈಗೆ ತಾಗೋ ಜಾಗದಲ್ಲೇ.

ತಂತಿ ಬದಲಿಸುವಾಗಲೂ ಜೋಪಾನ. ಬಿಚ್ಚಿದ ತಂತಿಯ ತುದಿ ಚಾವಟಿ ಥರ ಸುತ್ತಿ ಹೆಡ್‌ಸ್ಟಾಕಿಗೆ ಹೊಡೆಯುತ್ತೆ.

ಇನ್ನು ಪಿಕ್. ಹೊಸದಾಗಿ ಕಲಿಯೋರು ಮೊಣಕೈಯಿಂದ ಬೀಸಿ ಸ್ಟ್ರಮ್ ಮಾಡ್ತಾರೆ. ಕೆಳಗಿನ ತಂತಿ ದಾಟಿದ ಮೇಲೂ ಪಿಕ್ ಮುಂದಕ್ಕೆ ಹೋಗಿ ಮರಕ್ಕೆ ತಾಗುತ್ತೆ. ಮಣಿಕಟ್ಟನ್ನ ಸಡಿಲ ಬಿಟ್ಟು, ಪಿಕ್‌ನ ತುದಿ ಮಾತ್ರ ತಂತಿಗೆ ಸಿಗೋ ಹಾಗೆ ಹಿಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ, ಸದ್ದೂ ಸುಧಾರಿಸುತ್ತೆ. ಕಿರುಬೆರಳನ್ನ ಹಲಗೆಗೆ ಊರೋ ಅಭ್ಯಾಸ ಇದ್ದವರಿಗೆ ಅಲ್ಲೊಂದು ಮಸುಕು ಚುಕ್ಕೆ ಗ್ಯಾರಂಟಿ. ಮ್ಯಾಟ್ ಫಿನಿಶ್ ಆದರೆ ಉಲ್ಟಾ, ಉಜ್ಜಿದ ಜಾಗ ಹೊಳೆಯೋಕೆ ಶುರುವಾಗುತ್ತೆ.

ಪಿಕ್‌ಗಾರ್ಡ್ ಹಾಕಿದರೆ ಆಯ್ತಲ್ಲ ಅಂತೀರಾ? ಇಲ್ಲೊಂದು ಮಜಾ ಇದೆ. ಅಮೆರಿಕದ ಮಾರ್ಟಿನ್ ಕಂಪನಿ ದಶಕಗಳ ಕಾಲ ಪಿಕ್‌ಗಾರ್ಡನ್ನ ನೇರವಾಗಿ ಬರೀ ಮರಕ್ಕೇ ಅಂಟಿಸಿ, ಆಮೇಲೆ ಲ್ಯಾಕರ್ ಹೊಡೆಯುತ್ತಿತ್ತು. ಹಳೇ ಪಿಕ್‌ಗಾರ್ಡ್‌ಗಳು ಸೆಲ್ಯುಲಾಯ್ಡ್‌ನವು. ಸೆಲ್ಯುಲಾಯ್ಡ್ ತಯಾರಾಗೋದು ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ ಸೇರಿ. ಹೌದು, ಕರ್ಪೂರ! ತೆರೆದಿಟ್ಟ ಕರ್ಪೂರ ಏನಾಗುತ್ತೆ ಅಂತ ನಮಗೆ ಹೇಳಿಕೊಡಬೇಕಾ? ವರ್ಷಗಳು ಕಳೆದ ಹಾಗೆ ಅದು ಆವಿಯಾಗುತ್ತಾ ಹೋಯ್ತು, ಪಿಕ್‌ಗಾರ್ಡ್ ಕುಗ್ಗಿತು, ಕುಗ್ಗುವಾಗ ಅಂಟಿಕೊಂಡಿದ್ದ ಮರವನ್ನೂ ಎಳೆಯಿತು, ಹಲಗೆ ಸೀಳಿತು. ಹಳೇ ಗಿಟಾರ್ ರಿಪೇರಿ ಮಾಡೋರಿಗೆ ಇದು ಎಷ್ಟು ಮಾಮೂಲಿ ಅಂದ್ರೆ, ಆ ಬಿರುಕಿಗೆ ಪಿಕ್‌ಗಾರ್ಡ್ ಕ್ರ್ಯಾಕ್ ಅಂತಲೇ ಹೆಸರಿದೆ. ಗೀರು ತಪ್ಪಿಸೋಕೆ ಹೋಗಿ ಬಿರುಕು! ಇದನ್ನ ಓದಿದ ಮೇಲೆ ನನ್ನ ಎಕ್ಸ್‌ರೇ ಶೀಟಿನ ದುಃಖ ಸ್ವಲ್ಪ ಕಡಿಮೆಯಾಯ್ತು.

ಹಾಗಂತ ಪಿಕ್‌ಗಾರ್ಡ್ ಬೇಡವೇ ಬೇಡ ಅಂದ್ರೆ ಏನಾಗುತ್ತೆ ಅನ್ನೋಕೂ ಒಂದು ಪ್ರಸಿದ್ಧ ಉದಾಹರಣೆ ಇದೆ. ಗಾಯಕ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ ಮಾರ್ಟಿನ್ ಎನ್-20, ಅವರಿಟ್ಟ ಹೆಸರು ಟ್ರಿಗರ್. ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ಬೆರಳಲ್ಲಿ ನುಡಿಸೋಕೆ ಅಂತ ಮಾಡಿದ್ದು, ಪಿಕ್‌ಗಾರ್ಡೇ ಇಲ್ಲ. ಅವರು ಪಿಕ್ ಹಿಡಿದು ನುಡಿಸಿದರು. ಫಿನಿಶ್ ಹೋಯ್ತು, ಆಮೇಲೆ ಮರವೂ ಹೋಯ್ತು. ಸೌಂಡ್ ಹೋಲ್ ಪಕ್ಕ ಇನ್ನೊಂದು ತೂತೇ ಬಿತ್ತು. ಫೋಟೊ ಹುಡುಕಿ ನೋಡಿ. ಸ್ಪೇನಿನ ಫ್ಲಮೆಂಕೊ ಕಲಾವಿದರಿಗೆ ಹಲಗೆ ಮೇಲೆ ಉಗುರಲ್ಲಿ ತಟ್ಟೋದೇ ಸಂಗೀತದ ಭಾಗ. ಅದಕ್ಕೆ ಅವರ ಗಿಟಾರಿನಲ್ಲಿ ಗೋಲ್ಪೆಯಡೋರ್ ಅನ್ನೋ ತೆಳು ಹಾಳೆ ಮೊದಲೇ ಇರುತ್ತೆ.

ತೆಳು ಅನ್ನೋದು ಇಲ್ಲಿ ಮುಖ್ಯ. ಅಕೌಸ್ಟಿಕ್ ಗಿಟಾರಿನ ಮುಂಭಾಗದ ಹಲಗೆ ಸುಮಾರು 3 ಮಿಲಿಮೀಟರ್ ಅಷ್ಟೇ. ಅದು ಅದುರಿದರೇ ಸದ್ದು. ದಪ್ಪ ಪ್ಲಾಸ್ಟಿಕ್ಕನ್ನ ಅಗಲಕ್ಕೆ ಅಂಟಿಸಿದರೆ ಡೋಲಿನ ಮೇಲೆ ಕಂಬಳಿ ಹೊದಿಸಿದ ಹಾಗೆ. ಪಿಕ್ ನಿಜವಾಗಿ ತಾಗೋ ಜಾಗ ಎಷ್ಟಿದೆಯೋ ಅಷ್ಟಕ್ಕೆ ತೆಳ್ಳಗಿನ ಫಿಲ್ಮ್ ಸಾಕು. ಅಂಟಿಲ್ಲದೆ ತಾನಾಗೇ ಕಚ್ಚಿಕೊಳ್ಳೋ ಸ್ಟ್ಯಾಟಿಕ್ ವಿನೈಲ್ ಬರುತ್ತೆ, ಹೊಳೆಯೋ ಪಾಲಿಯುರೆಥೇನ್ ಗಿಟಾರಿಗೆ ಒಳ್ಳೆಯದು. ನೈಟ್ರೋ, ಶೆಲ್ಯಾಕ್ ಮೇಲೆ ಮಾತ್ರ ಅದನ್ನ ಖಾಯಂ ಬಿಡಬೇಡಿ. ನುಡಿಸುವಾಗ ಹಾಕಿ, ಆಮೇಲೆ ತೆಗೆಯಿರಿ. ಈಗಾಗಲೇ ಅಂಟಿಸಿದ್ದನ್ನ ತೆಗೆಯೋದಾದರೆ ನನ್ನ ಥರ ಎಳೆಯಬೇಡಿ. ಹೇರ್ ಡ್ರೈಯರನ್ನ ಕಡಿಮೆ ಬಿಸಿಯಲ್ಲಿಟ್ಟು, ದೂರದಿಂದ ಬೆಚ್ಚಗೆ ಮಾಡಿ, ಹಲಗೆಗೆ ಆದಷ್ಟು ಸಮಾಂತರವಾಗಿ, ನಿಧಾನ ಬಿಡಿಸಬೇಕು. ಬೆಲೆಬಾಳೋದಾದರೆ ರಿಪೇರಿಯವರಿಗೇ ಬಿಡಿ.

ಒರೆಸೋದ್ರಲ್ಲೂ ಗೀರು ಬೀಳುತ್ತೆ, ಗೊತ್ತಾ? ಬೆಂಗಳೂರಿನ ಧೂಳು ಕೂತಿರುತ್ತೆ, ಒಣಬಟ್ಟೆ ತೊಗೊಂಡು ಗಸಗಸ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತೆ. ಮೊದಲು ಮೆತ್ತನೆ ಬ್ರಷ್‌ನಲ್ಲಿ ಧೂಳು ಹಾರಿಸಿ, ಆಮೇಲೆ ಸ್ವಲ್ಪವೇ ಒದ್ದೆಯಾದ ಮೈಕ್ರೋಫೈಬರ್. ಬಾಯಿಂದ ಹಾ ಅಂತ ಉಸಿರು ಬಿಟ್ಟು ಒರೆಸಿದರೂ ನಡೆಯುತ್ತೆ. ಆದರೆ ಸ್ಯಾನಿಟೈಸರ್ ಹಚ್ಚಿದ ಕೈ ಒಣಗೋವರೆಗೆ ಗಿಟಾರ್ ಮುಟ್ಟಬೇಡಿ. ಅರಗು ಆಲ್ಕೋಹಾಲಿನಲ್ಲೇ ಕರಗಿಸಿದ್ದು, ಅದರಲ್ಲೇ ಮತ್ತೆ ಕರಗುತ್ತೆ. ನೈಟ್ರೋಗೂ ಅದು ಆಗಿಬರಲ್ಲ. ಇನ್ನೊಂದು ಖಳನಾಯಕ ಸೊಳ್ಳೆ ಕ್ರೀಮು. ಡೀಟ್ ಅನ್ನೋ ರಾಸಾಯನಿಕ ಇರೋ ಕ್ರೀಮುಗಳು ಲ್ಯಾಕರನ್ನೂ ಕೆಲವು ಪ್ಲಾಸ್ಟಿಕ್‌ಗಳನ್ನೂ ಮೆತ್ತಗೆ ಮಾಡುತ್ತವೆ. ಸಂಜೆ ಟೆರೇಸಲ್ಲಿ ಜ್ಯಾಮಿಂಗ್‌ಗೆ ಕೂರೋರು ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ, ಗೀರೇ ಬೀಳಬಾರದು ಅನ್ನೋ ಪಂಗಡದವನಲ್ಲ ನಾನು. ಫೆಂಡರ್ ಕಂಪನಿ 1995ರಿಂದ ಬೇಕಂತಲೇ ಸವೆಸಿ, ಗೀರಿದ ಹೊಸ ಗಿಟಾರುಗಳನ್ನ ರೆಲಿಕ್ ಹೆಸರಲ್ಲಿ ಮಾರುತ್ತಿದೆ, ಜನ ಜಾಸ್ತಿ ದುಡ್ಡು ಕೊಟ್ಟು ಕೊಳ್ತಾರೆ. ಫಿನಿಶ್ ಒಳಗೇ ಇರೋ ಗೀರು ಬರೀ ನೋಟದ ವಿಷಯ, ನಿದ್ದೆಗೆಡಬೇಕಾಗಿಲ್ಲ. ಮರ ಕಂಡರೆ ಮಾತ್ರ ಸುಮ್ಮನಿರಬೇಡಿ. ಬೆವರು, ತೇವ ಒಳಗೆ ಇಳಿದು ಅಲ್ಲಿ ಕಪ್ಪಗಾಗುತ್ತೆ, ಆಮೇಲೆ ಸರಿಮಾಡೋದು ಕಷ್ಟ.

ನನ್ನ ಗಿಟಾರಿನಲ್ಲಿ ಆಗಿದ್ದು ಅದೇ ಜಾತಿಯ ಗಾಯ. ಟೇಪಿನ ಅಂಟು ವರ್ಷಾನುಗಟ್ಟಲೆ ಲ್ಯಾಕರನ್ನ ಮೆತ್ತಗೆ ಮಾಡಿ ಅದರೊಳಗೇ ಬೆರೆತಿತ್ತು. ರಿಪೇರಿಯವರು ಆ ಜಾಗಕ್ಕೆ ತೆಳ್ಳಗೆ ಹಲವು ಸಲ ಲ್ಯಾಕರ್ ಕೂರಿಸಿದರು. ಪೂರ್ತಿ ಒಣಗಿ ಗಟ್ಟಿಯಾಗೋವರೆಗೆ, ಕನಿಷ್ಠ ಒಂದು ತಿಂಗಳು, ಅದರ ಮೇಲೆ ಏನೂ ಅಂಟಿಸಬೇಡಿ ಅಂದರು. ಬಣ್ಣ ಪಕ್ಕದ ಮರಕ್ಕೆ ಹೊಂದಿಲ್ಲ, ಶೀಟಿನ ಆಕಾರ ಈಗಲೂ ಕಾಣುತ್ತೆ.

ಹೋದ ತಿಂಗಳು ಅದನ್ನ ಹುಬ್ಬಳ್ಳಿಗೆ ಒಯ್ದೆ. ಮುಚ್ಚಿಡೋ ಹಾಗಿರಲಿಲ್ಲ, ಎಲ್ಲ ಹೇಳಿದೆ. ಮಾಮಾ ಮುಂಭಾಗದ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿ, ಗಿಟಾರನ್ನ ತಿರುಗಿಸಿ ಹಿಂಭಾಗ ತೋರಿಸಿದರು. ನಾನು ಎರಡು ವರ್ಷದಲ್ಲಿ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ನಟ್ಟನಡುವೆ ಕೋಳಿ ಕೆದರಿದ ಹಾಗೆ ಗೀರು.

“ಮುಂದ ಶೀಟ್ ಹಚ್ಚಿದ್ನಿ. ಹಿಂದ ಯಾರ್ ನೋಡ್ತಾರಂತ ಬಿಟ್ನಿ. ಎಲ್ಲಾ ನನ್ ಬೆಲ್ಟಿಂದಽ” ಅಂದರು. ಆಮೇಲೆ ನನ್ನ ಸೊಂಟದ ಕಡೆ ನೋಡಿ, “ನೀನೂ ಅದನ್ನಽ ಮಾಡಾಕತ್ತೀಯಲ್ಲೋ, ಮೊದ್ಲ ಬಕಲ್ ಸರಿಸ್ಕೊ” ಅಂತ ಗಿಟಾರನ್ನ ನನ್ನ ಕೈಗೇ ವಾಪಸ್ ಕೊಟ್ಟರು.

ತಿಂಗಳು ಮುಗಿಯೋಕೆ ಇನ್ನೂ ಒಂದು ವಾರ ಇದೆ. ಅಲ್ಲಿವರೆಗೆ ಪಿಕ್ ಡಬ್ಬಿಯಲ್ಲಿದೆ, ನಾನು ಬೆರಳಲ್ಲೇ ನುಡಿಸ್ತಿದ್ದೀನಿ.