ಈದ್ ಎಲ್ಲರ ಮನೆಗೂ ಬರಲಿ



ರಮಝಾನಿನ ಕೊನೆಯ ದಿನಗಳು ಬಂದಿವೆ. ಮನೆಗಳಲ್ಲಿ ಹೊಸ ಬಟ್ಟೆಯ ಮಾತು ಶುರುವಾಗಿದೆ. ಸಂತೋಷಪಡುವುದು ತಪ್ಪಲ್ಲ. ಈದ್ ದಿನ ಉಪವಾಸ ಹಿಡಿಯುವುದನ್ನೇ ನಮ್ಮ ದೀನ್ ನಿಷೇಧಿಸಿದೆ. ಅಂದು ಯಾರ ಮನೆಯ ಒಲೆಯೂ ತಣ್ಣಗಿರಬಾರದೆಂದು ಫಿತ್ರ್ ಝಕಾತನ್ನು ಕಡ್ಡಾಯ ಮಾಡಿರುವುದೂ ಅದೇ ದೀನ್.

ಸಂಪತ್ತಿನ ಝಕಾತ್ ಆಸ್ತಿಯ ಲೆಕ್ಕ; ಇದು ತಲೆಯ ಲೆಕ್ಕ. ಗಂಡು, ಹೆಣ್ಣು, ಹಿರಿಯ, ಕಿರಿಯ ಎಲ್ಲರ ಪರವಾಗಿ ಒಂದು ಸಾಅ್ ಖರ್ಜೂರ ಅಥವಾ ಬಾರ್ಲಿಯನ್ನು ಪ್ರವಾದಿ(ಸ) ಕಡ್ಡಾಯಗೊಳಿಸಿದರೆಂದು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ತೊಟ್ಟಿಲ ಮಗುವಿನ ಪಾಲನ್ನೂ ತಂದೆ ಕೊಡಬೇಕು. ಕರಾವಳಿಯ ಶಾಫಿಈಗಳು ತಲೆಗೆ ಒಂದು ಸಾಅ್ ಅಕ್ಕಿ, ಅಂದರೆ ಸುಮಾರು 2.5ರಿಂದ 3 ಕಿಲೋ ಕೊಡುತ್ತಾರೆ. ಹನಫಿಗಳು ಅರ್ಧ ಸಾಅ್ ಗೋಧಿ ಅಥವಾ ಅದರ ಬೆಲೆ ಕೊಡುತ್ತಾರೆ. ಶಾಫಿಈ ಮದ್‌ಹಬ್‌ನಲ್ಲಿ ಇದಕ್ಕೆ ಶ್ರೀಮಂತಿಕೆ ಬೇಕಿಲ್ಲ. ಈದ್ ದಿನದ ಅಗತ್ಯ ಕಳೆದು ಮಿಕ್ಕಿದ್ದರೆ ಸಾಕು. ಹಾಗಾಗಿ ಪಡೆದ ಬಡವನೂ ಕೊಡುವವನಾಗಬಲ್ಲ.

ಇದರಲ್ಲಿ ಸಮಯವೇ ಮುಖ್ಯ. ನಮಾಝ್‌ಗೆ ಹೊರಡುವ ಮುನ್ನ ತಲುಪಬೇಕು; ಬಳಿಕ ಕೊಟ್ಟದ್ದು ಸಾಮಾನ್ಯ ದಾನ ಎಂಬುದು ಇಬ್ನು ಅಬ್ಬಾಸ್(ರ)ರ ವರದಿಯ ಸಾರ. ಸಹಾಬಿಗಳು ಒಂದೆರಡು ದಿನ ಮೊದಲೇ ಕೊಡುತ್ತಿದ್ದರು. ಈದ್ಗಾಹಿನ ಬಾಗಿಲಲ್ಲಿ ಅವಸರದಿಂದ ಕೊಟ್ಟ ಅಕ್ಕಿ ವಿಧವೆಯ ಮನೆ ಸೇರಿ ಬೇಯುವುದು ಯಾವಾಗ? ಅಷ್ಟರಲ್ಲಿ ಅವಳ ಮಕ್ಕಳು ಪಕ್ಕದ ಮನೆಯ ಬಿರಿಯಾನಿಯ ವಾಸನೆ ಕುಡಿದು ಮುಗಿಸಿರುತ್ತಾರೆ.

ಕೊಡುವ ರೀತಿಯಲ್ಲೂ ಅದಬ್ ಇರಲಿ. ಸಾಲಲ್ಲಿ ನಿಲ್ಲಿಸಿ, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ನಾವು ಕೊಡುತ್ತಿರುವುದು ಅವರ ಹಕ್ಕು, ನಮ್ಮ ಉಪಕಾರವಲ್ಲ.

ಅಕ್ಕಿ ಕೊಟ್ಟರೆ ಮುಗಿಯಿತೇ? ಇಲ್ಲ. ಈದ್ ದಿನ ಮುಟ್ಟಿನಲ್ಲಿರುವ ಸ್ತ್ರೀಯರನ್ನೂ ಕರೆತರಲು ಪ್ರವಾದಿ(ಸ) ಹೇಳಿದ್ದನ್ನು ಉಮ್ಮು ಅತಿಯ್ಯಾ(ರ) ತಿಳಿಸಿದ್ದಾರೆ. ಅವರು ನಮಾಝಿನಿಂದ ದೂರವಿದ್ದರೂ ದುಆದಲ್ಲಿ ಪಾಲುಗೊಳ್ಳಬೇಕು. ಹೊದಿಕೆ ಇಲ್ಲದವಳಿಗೆ ಸಹೋದರಿ ತನ್ನದನ್ನು ಕೊಡಬೇಕು. ಬಟ್ಟೆಯಿಲ್ಲವೆಂದು ಯಾರೂ ಮನೆಯಲ್ಲೇ ಉಳಿಯಬಾರದು ಎಂಬುದೇ ಇದರ ಪಾಠ. ಆದ್ದರಿಂದ ಮೊಹಲ್ಲಾದ ಹಾಸಿಗೆ ಹಿಡಿದ ಹಿರಿಯರನ್ನು, ಯತೀಮ್ ಮಕ್ಕಳನ್ನು, ಊರಿಗೆ ಹೋಗಲಾಗದ ಹೊರರಾಜ್ಯದ ಕೂಲಿಗಳನ್ನು ಈಗಲೇ ನೆನೆಯೋಣ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವನಿಗೆ ಪಾಲು ಕಳಿಸಿದಿರಾ ಎಂದು ಅವರು ವಿಚಾರಿಸಿದ್ದರು. ನಮ್ಮ ಹಿಂದೂ, ಕ್ರೈಸ್ತ ನೆರೆಯವರ ಮನೆಗೂ ಈದ್‌ನ ಸಿಹಿ ಹೋಗಲಿ.

ಈ ಶುಕ್ರವಾರ ಮನೆಗೆ ಹೋದವರೇ ತಲೆ ಎಣಿಸಿ, ಅಕ್ಕಿ ಅಳೆದಿಡಿ. ನಮ್ಮ ಉಪವಾಸಗಳನ್ನೂ ದಾನವನ್ನೂ ಅಲ್ಲಾಹನು ಸ್ವೀಕರಿಸಲಿ, ಆಮೀನ್.